ಫ್ಯಾಕ್ಟರ್ 64 ಯಾಕೆ ಬೇಡ

ಟೆಸಲೇಶನ್ ಬಗ್ಗೆ ನೀವು ಬರೆದ ಬರಹ ಚೆನ್ನಾಗಿದೆ. (3ಡಿ ಗ್ರಾಫಿಕ್ಸ್‌ನಲ್ಲಿ ಒಂದು ಮೇಲ್ಮೈಯನ್ನು ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆಯುವುದೇ ಟೆಸಲೇಶನ್. ಎಷ್ಟು ತುಂಡು ಮಾಡಬೇಕು ಅನ್ನೋ ಸಂಖ್ಯೆಯೇ ಫ್ಯಾಕ್ಟರ್.) ಆದರೆ ನಿಮ್ಮ ‘ಟೆಸಲೇಶನ್ ಫ್ಯಾಕ್ಟರ್ ಏರಿಸಿದಷ್ಟೂ ಮೇಲ್ಮೈ ನುಣುಪಾಗುತ್ತದೆ’ ಅನ್ನೋ ಮಾತು ಅರ್ಧ ಮಾತ್ರ ನಿಜ.

ಮೈಕ್ರೋಸಾಫ್ಟ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್ 11ರಲ್ಲಿ ಗರಿಷ್ಠ ಫ್ಯಾಕ್ಟರ್ 64. ಒಂದು ಚೌಕ ಪ್ಯಾಚ್‌ಗೆ (ಒಡೆಯಬೇಕಾದ ಮೇಲ್ಮೈಯ ಒಂದು ಭಾಗಕ್ಕೆ) ಎಲ್ಲಾ ಕಡೆ ಅಷ್ಟೇ ಕೊಟ್ಟರೆ 8192 ತ್ರಿಕೋನ ಹುಟ್ಟುತ್ತವೆ. ಆ ಪ್ಯಾಚ್ ದೂರದಲ್ಲಿದ್ದರೆ ಒಂದೊಂದು ತ್ರಿಕೋನ ಒಂದು ಪಿಕ್ಸೆಲ್‌ಗಿಂತ ಚಿಕ್ಕದು. ಜಿಪಿಯು ಪಿಕ್ಸೆಲ್ ಶೇಡರನ್ನು (ಪಿಕ್ಸೆಲ್‌ನ ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ) 2×2 ಪಿಕ್ಸೆಲ್‌ಗಳ ಗುಂಪಿನಲ್ಲೇ ಓಡಿಸುತ್ತದೆ. ಒಂದೇ ಪಿಕ್ಸೆಲ್ ಮುಟ್ಟುವ ತ್ರಿಕೋನಕ್ಕೂ ನಾಲ್ಕರ ಕೆಲಸ. ಮೂರು ಪಾಲು ಸುಮ್ನೆ ವ್ಯರ್ಥ, ಅಲ್ವಾ?

ಪ್ಯಾಚ್‌ಗಳ ನಡುವೆ ಮೂಡುವ ಬಿರುಕಿನ ವಿಷಯ ನೀವು ಮುಟ್ಟಲೇ ಇಲ್ಲ. ನನಗೆ ಜಾಸ್ತಿ ತಲೆನೋವು ತಂದಿದ್ದು ಅದೇ. ಪ್ಯಾಚ್‌ನ ನಡುವಿನಿಂದ ಕ್ಯಾಮೆರಾಗೆ ಇರುವ ದೂರ ನೋಡಿ ಫ್ಯಾಕ್ಟರ್ ಲೆಕ್ಕ ಹಾಕಿದರೆ ಪಕ್ಕಪಕ್ಕದ ಪ್ಯಾಚ್‌ಗಳಿಗೆ ಬೇರೆ ಬೇರೆ ಸಂಖ್ಯೆ ಬರುತ್ತದೆ. ಒಂದೇ ಅಂಚು ಈ ಕಡೆ 8 ತುಂಡು, ಆ ಕಡೆ 7. ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್ (ಮೇಲ್ಮೈಯನ್ನು ಉಬ್ಬುತಗ್ಗು ಮಾಡುವ ಎತ್ತರದ ಚಿತ್ರ) ಹಾಕಿದ ಕೂಡಲೇ ತ್ರಿಕೋನಗಳ ಶೃಂಗಗಳು (ಮೂಲೆಗಳು) ಒಂದಕ್ಕೊಂದು ಕೂಡದೆ ನಡುವೆ ಹಿನ್ನೆಲೆಯ ಬಣ್ಣ ಇಣುಕುತ್ತದೆ. ಕ್ಯಾಮೆರಾ ಅಲ್ಲಾಡಿದರೆ ಮಿಣಮಿಣ ಅನ್ನುತ್ತದೆ. ಅಂಚಿನ ಫ್ಯಾಕ್ಟರನ್ನು ಆ ಅಂಚಿನ ಎರಡು ತುದಿಗಳಿಂದಷ್ಟೇ ಲೆಕ್ಕ ಹಾಕಿ. ಆಗ ಎರಡೂ ಪ್ಯಾಚ್‌ಗೆ ಒಂದೇ ಉತ್ತರ ಸಿಗುತ್ತದೆ. ಟೆಕ್ಸ್‌ಚರ್ ಹೊಲಿಗೆ (ಮೇಲ್ಮೈಗೆ ಹೊದಿಸಿದ ಚಿತ್ರದ ಅಂಚುಗಳು ಕೂಡುವ ಜಾಗ) ಇರುವ ಕಡೆ ಇಷ್ಟು ಸಾಲದು. ಅಲ್ಲಿ ಎರಡೂ ಬದಿಯ ಎತ್ತರ, ನಾರ್ಮಲ್ (ಮೇಲ್ಮೈ ಮುಖ ಮಾಡಿರುವ ದಿಕ್ಕು) ಕೂಡ ಒಂದೇ ಇರಬೇಕು.

ಇನ್ನೊಂದು, ಹಾರ್ಡ್‌ವೇರ್ ಟೆಸಲೇಶನ್ ಡೈರೆಕ್ಟ್‌ಎಕ್ಸ್ 11 ಬಂದ 2009ರಲ್ಲಿ ಶುರುವಾಗಿದ್ದಲ್ಲ. ಗ್ರಾಫಿಕ್ಸ್ ಚಿಪ್ ಮಾಡುತ್ತಿದ್ದ ಎಟಿಐ ಕಂಪನಿಯ ಟ್ರೂಫಾರ್ಮ್ ತಂತ್ರ 2001ರಲ್ಲೇ ಇತ್ತು. ಮುಂದಿನ ಬರಹದಲ್ಲಿ ಮೆಶ್ ಶೇಡರ್ (ತ್ರಿಕೋನಗಳನ್ನು ನೇರವಾಗಿ ಹುಟ್ಟಿಸುವ ಹೊಸ ಬಗೆಯ ಶೇಡರ್) ಬಗ್ಗೆ ಬರೆಯಿರಿ. ಟೆಸಲೇಶನ್‌ಗೆ ಬೇಕಾಗುವ ಹಲ್, ಡೊಮೇನ್ ಶೇಡರ್‌ಗಳ ಗೊಡವೆ ಅಲ್ಲಿ ಇಲ್ಲ.