‘ಇಬ್ಬರು ಮೂವರು’ ಸಾಕು ಅಂದರೆ ಸಭೆ ಬೇಡ ಅಂತಲ್ಲ

‘ಇಬ್ಬರು ಮೂವರು ಸೇರಿದರೆ ಯೇಸು ಅಲ್ಲಿರುತ್ತಾನೆ, ಹಾಗಾಗಿ ಭಾನುವಾರ ಸಭೆಗೆ (ಚರ್ಚ್‌ಗೆ) ಹೋಗಲೇಬೇಕೆಂದಿಲ್ಲ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ವಚನ ನಿಜ, ಬೈಬಲಿನ ಮತ್ತಾಯ 18:20. ಅರ್ಥ ಮಾತ್ರ ತಿರುಚಿದ್ದು.

ಸ್ವಲ್ಪ ಹಿಂದಕ್ಕೆ ಹೋಗಿ 15ನೇ ವಚನದಿಂದ ಓದಿ. ಅಲ್ಲಿರುವುದು ತಪ್ಪು ಮಾಡಿದ ಸಹೋದರನ ವಿಷಯ. ಮೊದಲು ನೀನೊಬ್ಬನೇ ಹೋಗಿ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ‘ಇಬ್ಬರು ಮೂವರು ಸಾಕ್ಷಿಗಳು’ ಎಂಬ ಮಾತು ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡ 19:15ರಿಂದ ಬಂದದ್ದು. ಅಂದರೆ ಇದು ಜಗಳ ಬಗೆಹರಿಸುವ ಕಷ್ಟದ ಕೆಲಸದಲ್ಲಿ ಕರ್ತನು ಜೊತೆಗಿರುತ್ತಾನೆ ಎಂಬ ಭರವಸೆ. ಸಭೆಯನ್ನು ಬಿಡುವುದಕ್ಕೆ ರಜೆ ಚೀಟಿ ಅಲ್ಲ! ಮೂರು ವಚನ ಮೇಲೇ ‘ಸಭೆಗೆ ಹೇಳು’ ಎಂದಿದೆ ಅಲ್ವಾ?

ಹಾಗಂತ ಒಬ್ಬರೇ ಪ್ರಾರ್ಥಿಸಿದರೆ ದೇವರು ಕೇಳುವುದಿಲ್ಲ ಎಂದೂ ಅಲ್ಲ. ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಮತ್ತಾಯ 6:6 ಹೇಳುತ್ತದೆ.

ಕಾಯಿಲೆಯವರು, ಭಾನುವಾರವೂ ಶಿಫ್ಟ್ ಇರುವವರು ಸುಮ್ನೆ ಗಾಬರಿಯಾಗಬೇಡಿ. ಇಬ್ರಿಯ 10:25 ಬೈಯುವುದು ಕೂಡಿಬರುವುದನ್ನೇ ಬಿಟ್ಟುಬಿಡುವ ರೂಢಿಯನ್ನು. ಆ ಮೆಸೇಜ್ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮುಂಚೆ ಇಡೀ ಅಧ್ಯಾಯ ಓದಿ.