ಏಳರ ಮಗ್ಗಿ, ಎಂಟನೇ ಮೆಟ್ಟಿಲು

ನನ್ನ ಮಗನಿಗೆ ಏಳರ ಮಗ್ಗಿ ಚೆನ್ನಾಗಿ ಬರುತ್ತದೆ. ಆದರೆ ಮೆಟ್ಟಿಲ ಮೇಲೆ ಮಾತ್ರ.

ತಪ್ಪು ನನ್ನದೇ. ಮಕ್ಕಳಿಗೆ ಮನೆಯಲ್ಲೇ ಪಾಠ ಎಂದು ನಿರ್ಧರಿಸಿದ ಹೊಸದರಲ್ಲಿ ನಾನು ಮಾಡಿದ ಮೊದಲ ಕೆಲಸವೆಂದರೆ ಒಂದು ಕೋಣೆ ಖಾಲಿ ಮಾಡಿ ಅಲ್ಲಿ ಶಾಲೆ ಹೂಡಿದ್ದು. ಮೇಜು, ಎರಡು ಕುರ್ಚಿ, ಗೋಡೆಗೊಂದು ಕಪ್ಪು ಹಲಗೆ, ಅದರ ಪಕ್ಕ ವೇಳಾಪಟ್ಟಿ. ಗಂಟೆಯೊಂದು ತೂಗುಹಾಕುವುದು ಬಾಕಿ ಇತ್ತು. ಮೂರನೇ ವಾರದ ಹೊತ್ತಿಗೆ ಆ ಕುರ್ಚಿ ಕಂಡರೆ ಸಾಕು, ಮಗನಿಗೆ ಬಾಯಾರಿಕೆ, ಮಗಳಿಗೆ ಬಚ್ಚಲಿಗೆ ಅವಸರ. ನನಗೂ ಆಕಳಿಕೆ ಬರುತ್ತಿತ್ತು. ಅದನ್ನು ಅವರಿಗೆ ಇವತ್ತಿಗೂ ಹೇಳಿಲ್ಲ.

ಕೋಣೆಗೆ ಬಣ್ಣ ಬಳಿಯುವವರು ಬಂದ ದಿನ ಬೇರೆ ದಾರಿಯಿಲ್ಲದೆ ಪಾಠ ಮೆಟ್ಟಿಲಿಗೆ ಬಂತು. ಕೂರಲು ಜಾಗವಿಲ್ಲ, ಹಾಗಾಗಿ ಹತ್ತುವುದೇ ಪಾಠವಾಯಿತು. ಒಂದೊಂದು ಮೆಟ್ಟಿಲಿಗೂ ಏಳು. ಎಂಟನೇ ಮೆಟ್ಟಿಲಿಗೆ ಐವತ್ತಾರು. ಇಳಿಯುವಾಗ ಮಗ್ಗಿಯೂ ಹಿಮ್ಮುಖ. ಮರುದಿನ ಮಗಳು ನಡುವಿನ ಒಂದು ಮೆಟ್ಟಿಲ ಮೇಲೆ ಸೀಮೆಸುಣ್ಣದಿಂದ ಸೊನ್ನೆ ಬರೆದಳು. ಕೆಳಗಿನವೆಲ್ಲ ಋಣ ಸಂಖ್ಯೆಗಳಾದವು. ಮೈನಸ್ ಮೂರರಲ್ಲಿ ನಿಂತು ಐದು ಹತ್ತಿದರೆ ಎಲ್ಲಿಗೆ ತಲುಪುತ್ತೀವಿ? ಹಲಗೆಯ ಮುಂದೆ ಎರಡು ದಿನ ಅಳಿಸಿದ್ದ ಲೆಕ್ಕವನ್ನು ಕಾಲುಗಳು ಎರಡು ನಿಮಿಷದಲ್ಲಿ ಮಾಡಿ ಮುಗಿಸಿದವು.

ಆಮೇಲೆ ನಮಗೆ ಚಟ ಹತ್ತಿತು. ಬಿಸಿಲಿದ್ದರೆ ಅಂಗಳ. ಒಂದು ಕೋಲು ನೆಟ್ಟು ಕಾಯುವುದು. ನೆರಳು ಕೋಲಿನಷ್ಟೇ ಉದ್ದವಾದ ಗಳಿಗೆಗೆ ಓಡಿಹೋಗಿ ಮರದ ನೆರಳನ್ನು ಅಳೆದರೆ ಮರದ ಎತ್ತರ ಸಿಕ್ಕಿತು, ಯಾರೂ ಮರ ಹತ್ತಬೇಕಿಲ್ಲ. ಮಳೆಗಾಲದಲ್ಲಿ ಕಿಟಕಿ. ಮಿಂಚಿದ ಕೂಡಲೇ ಎಣಿಸಲು ಶುರು, ಗುಡುಗು ಕೇಳಿದಾಗ ನಿಲ್ಲಿಸಿ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಹೆಚ್ಚುಕಡಿಮೆ ಎಷ್ಟು ಕಿಲೋಮೀಟರು ದೂರ ಎಂದು ತಿಳಿಯುತ್ತದೆ. ಭಾಗಾಕಾರವೆಂದರೆ ಮುಖ ತಿರುಗಿಸುವ ಹುಡುಗ ಸಿಡಿಲಿಗಾಗಿ ಕಾದು ಕೂತ. ರಾತ್ರಿ ಮಹಡಿಯ ಮೇಲೆ ಕೈ ನೀಡಿ ಮುಷ್ಟಿ ಹಿಡಿದೆವು. ಮುಷ್ಟಿಯಗಲ ಸುಮಾರು 10 ಡಿಗ್ರಿ. ಆಕಾಶ ಗಂಟೆಗೆ 15 ಡಿಗ್ರಿ ಹೊರಳುತ್ತದೆ. ಹಾಗಾದರೆ ಆ ಚುಕ್ಕಿ ಒಂದು ಗಂಟೆಯಲ್ಲಿ ಒಂದೂವರೆ ಮುಷ್ಟಿ ಸರಿಯಬೇಕು. ಸರಿಯಿತೋ ಇಲ್ಲವೋ ನೋಡಲು ಇಬ್ಬರೂ ಎಚ್ಚರವಿರಲಿಲ್ಲ. ನಾನೊಬ್ಬಳೇ ನೋಡಿದೆ.

ಅಡುಗೆಮನೆಯಲ್ಲಿ ಭಿನ್ನರಾಶಿ ಕಲಿಸಬಹುದೆಂದು ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಮುಕ್ಕಾಲು ಲೋಟ ನೀರು ನೆಲದ ಪಾಲಾಗಿ ಆ ಅಧ್ಯಾಯ ಮುಗಿಯಿತು.

ಎಲ್ಲ ಪಾಠವೂ ಎಲ್ಲ ಕಡೆ ಒಗ್ಗುವುದಿಲ್ಲ. ಕಾಪಿ ಬರೆಯಲು ಮಗಳನ್ನು ಮರದ ಕೆಳಗೆ ಕೂರಿಸಿದ್ದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪುಟದಲ್ಲಿ ಒಂದೇ ಸಾಲು ಬರಹ, ಉಳಿದಂತೆ ಒಂದು ಇರುವೆ ಎಲ್ಲಿಂದ ಎಲ್ಲಿಗೆ ಹೋಯಿತೆಂಬ ನಕ್ಷೆ. ನಕ್ಷೆ ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಆದರೂ ಅಕ್ಷರ ದುಂಡಗಾಗಲು ಮೇಜೇ ಬೇಕು. ವಿಚಿತ್ರವೆಂದರೆ, ದಿನಕ್ಕೆ ಅರ್ಧ ಗಂಟೆಯಷ್ಟೇ ಎಂದಾದ ಮೇಲೆ ಆ ಮೇಜಿನ ಮೇಲೆ ಯಾರಿಗೂ ಸಿಟ್ಟಿಲ್ಲ. ಕಥೆ ಓದುವುದಕ್ಕೆ ಮಾತ್ರ ಮಗಳು ಅದರ ಕೆಳಗೆ ನುಸುಳುತ್ತಾಳೆ.

ಎಲ್ಲ ಸರಿಹೋಯಿತೆಂದು ಬೀಗುತ್ತಿರುವಾಗಲೇ ನನ್ನ ಅಣ್ಣ ಬಂದ. "ಎಲ್ಲಿ, ಏಳೆಂಟ್ಲಿ ಎಷ್ಟು ಹೇಳೋ ನೋಡೋಣ" ಅಂದ. ಮಗ ತಬ್ಬಿಬ್ಬಾಗಿ ನನ್ನ ಮುಖ ನೋಡಿದ. "ಇರಿ ಮಾವ, ಬಂದೆ" ಎಂದವನೇ ಮೆಟ್ಟಿಲ ಕಡೆ ಓಡಿದ. ದಡದಡ ಎಂಟು ಸಲ ಸದ್ದಾಯಿತು. "ಐವತ್ತಾರು!" ಮೇಲಿನಿಂದ ಉತ್ತರ ಬಂತು.

ಅಣ್ಣ ನಕ್ಕ, ನನಗೆ ನಗು ಬರಲಿಲ್ಲ. ಆಮೇಲೆ ಹುಡುಕಿ ಓದಿದಾಗ ತಿಳಿಯಿತು, ದೊಡ್ಡವರೂ ಹೀಗೆಯೇ. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬ ಮನಶ್ಶಾಸ್ತ್ರಜ್ಞರು ಮುಳುಗುಗಾರರಿಗೆ ಪದಗಳ ಪಟ್ಟಿ ಕೊಟ್ಟು ಕಲಿಸಿದರು, ಕೆಲವನ್ನು ನೀರೊಳಗೆ, ಕೆಲವನ್ನು ದಡದಲ್ಲಿ. ನೀರೊಳಗೆ ಕಲಿತದ್ದು ನೀರೊಳಗೇ ಹೆಚ್ಚು ನೆನಪಾಯಿತು, ದಡದಲ್ಲಿ ಕಲಿತದ್ದು ದಡದಲ್ಲೇ. ನನ್ನ ಮಗನ ನೀರು ಮೆಟ್ಟಿಲಾಗಿತ್ತು. ಮದ್ದೂ ಅಂಥದ್ದೇ ಇನ್ನೊಂದು ಪ್ರಯೋಗದಲ್ಲಿ ಸಿಕ್ಕಿತು. 1978ರಲ್ಲಿ ಸ್ಮಿತ್, ಗ್ಲೆನ್‌ಬರ್ಗ್ ಮತ್ತು ಬ್ಯೋರ್ಕ್ ಒಂದೇ ಪಟ್ಟಿಯನ್ನು ಕೆಲವರಿಗೆ ಎರಡು ಸಲವೂ ಒಂದೇ ಕೋಣೆಯಲ್ಲಿ, ಇನ್ನು ಕೆಲವರಿಗೆ ಎರಡು ಬೇರೆ ಬೇರೆ ಕೋಣೆಗಳಲ್ಲಿ ಕಲಿಸಿದರು. ಪರೀಕ್ಷೆಯ ಹೊತ್ತಿಗೆ ಹೆಚ್ಚು ನೆನಪಿಟ್ಟವರು ಎರಡು ಕೋಣೆ ಕಂಡವರು.

ಒಂದೊಂದು ಪಾಠಕ್ಕೆ ಒಂದೊಂದು ಜಾಗ ಗೊತ್ತು ಮಾಡಿ ನಾನು ಒಂದು ಕೋಣೆಯ ಶಾಲೆಯನ್ನು ಐದು ಕೋಣೆಯ ಶಾಲೆ ಮಾಡಿದ್ದೆ, ಅಷ್ಟೇ. ಈಗ ಮಗ್ಗಿಯೇ ಮನೆಯೆಲ್ಲ ಅಲೆಯುತ್ತದೆ. ಉಯ್ಯಾಲೆಯ ಮೇಲೆ, ಬಟ್ಟೆ ಮಡಿಸುವಾಗ, ಬಚ್ಚಲ ಬಾಗಿಲ ಹೊರಗೆ ನಾನು ಕೇಳುವುದು, ಒಳಗಿನಿಂದ ಅವನು ಕೂಗುವುದು.

ನಿನ್ನೆ ರಾತ್ರಿ ದೀಪ ಆರಿಸಿದ ಮೇಲೆ ಮೆಲ್ಲಗೆ ಕೇಳಿದೆ, "ಏಳೆಂಟ್ಲಿ?"

ಉತ್ತರವಿಲ್ಲ. ನಿದ್ದೆ ಬಂತೇನೋ ಎಂದುಕೊಂಡೆ. ಹೊದಿಕೆಯೊಳಗೆ ಎರಡು ಕಾಲು ಒಂದಾದ ಮೇಲೊಂದು ಮೇಲೇರುತ್ತಿದ್ದವು.

"ಐವತ್ತಾರು" ಅಂದ, ಸ್ವಲ್ಪ ಏದುಸಿರಿನಲ್ಲಿ.