ಮಿಶನರಿ ಮನೆಯ ಹಾಲಿನ ಲೆಕ್ಕ

ಕಿಟೆಲ್ ನಿಘಂಟನ್ನು ತೆರೆದಾಗಲೆಲ್ಲ ನನಗೊಂದು ಅಡ್ಡ ಯೋಚನೆ ಬರುತ್ತದೆ. ಎಪ್ಪತ್ತು ಸಾವಿರದಷ್ಟು ಪದಗಳನ್ನು ಹೆಕ್ಕಿ, ಒಪ್ಪ ಮಾಡಿ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ) ಮುದ್ರಣಾಲಯದಿಂದ ಆ ಹೆಬ್ಬೊತ್ತಿಗೆ ಹೊರಬರುವವರೆಗೆ, ಈ ಮಿಶನರಿ ಮಹಾನುಭಾವರ ಮನೆಯಲ್ಲಿ ಹಾಲಿನವನ ಲೆಕ್ಕ ಬರೆದಿಟ್ಟವರು ಯಾರು? ಅಗಸನಿಗೆ ಎಷ್ಟು ಬಟ್ಟೆ ಹೋಯಿತು, ಎಷ್ಟು ವಾಪಸು ಬಂತು ಎಂದು ಎಣಿಸಿದವರು ಯಾರು? ನಿಘಂಟಿನಲ್ಲಿ ಹಾಲೂ ಇದೆ, ಅಗಸನೂ ಇದ್ದಾನೆ. ಲೆಕ್ಕ ಮಾತ್ರ ಇಲ್ಲ.

ಬೆಂಗಳೂರಿನಲ್ಲಿ ನಿಂತಿರುವ ಕಿಟೆಲ್ ಪ್ರತಿಮೆಗೆ ಹಸಿವಾಗುವುದಿಲ್ಲ, ಅದರ ಮಗುವಿಗೆ ರಾತ್ರಿ ಜ್ವರ ಏರುವುದಿಲ್ಲ. ನಿಜವಾದ ಕಿಟೆಲ್ ಸಂಸಾರಸ್ಥರು. 1860ರಲ್ಲಿ ಪೌಲಿನ್ ಅವರನ್ನು ಮದುವೆಯಾದರು, ನಾಲ್ಕು ವರ್ಷದಲ್ಲಿ ಆಕೆ ತೀರಿಕೊಂಡರು, ಮುಂದೆ ಆಕೆಯ ತಂಗಿ ಜೂಲಿಯನ್ನೇ ಕೈಹಿಡಿದರು. ಅಕ್ಕ ಹೋದ ಮನೆಗೆ ತಂಗಿಯನ್ನು ತರುವುದು ನಮ್ಮ ಕಡೆಗೂ ಹೊಸತಲ್ಲ. ನಮ್ಮ ಅಜ್ಜಿಯರು ಕೇಳಿದ್ದರೆ ತಲೆಯಾಡಿಸಿ, ‘ಮತ್ತೇನು, ಸಂಸಾರ ನಡೆಯಬೇಕಲ್ಲ’ ಎಂದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಬಾಸೆಲ್ ಮಿಶನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ: ಹೆಬಿಕ್, ಲೇನರ್, ಗ್ರೈನರ್. ಮಿಶನ್ನಿನ ಪದ್ಧತಿಯಂತೆ ಗಂಡಸರು ಒಂಟಿಯಾಗಿ ಬರಬೇಕು, ಕೆಲವು ವರ್ಷ ದುಡಿಯಬೇಕು, ಆಮೇಲೆ ಮದುವೆಗೆ ಅಪ್ಪಣೆ ಕೋರಿ ಬಾಸೆಲ್ ಪಟ್ಟಣದ ಆಡಳಿತ ಸಮಿತಿಗೆ ಅರ್ಜಿ ಹಾಕಬೇಕು. ಹುಡುಗಿ ಯಾರು, ಎಂಥ ಮನೆತನ, ಭಕ್ತಿ ಹೇಗೆ, ಆರೋಗ್ಯ ಹೇಗೆ ಎಂದು ಸಮಿತಿ ವಿಚಾರಿಸುತ್ತಿತ್ತು. ಒಪ್ಪಿಗೆ ಸಿಕ್ಕ ಮೇಲೆ ವಧು ಹಡಗು ಹತ್ತುತ್ತಿದ್ದಳು. ಎಷ್ಟೋ ಹೆಣ್ಣುಮಕ್ಕಳು ಗಂಡನಾಗುವವನ ಮುಖವನ್ನು ಮೊದಲು ಕಂಡದ್ದು ಈ ಕರಾವಳಿಯಲ್ಲಿ ಇಳಿದ ಮೇಲೆಯೇ. ನಮ್ಮಲ್ಲಿ ಜಾತಕ ನೋಡುತ್ತಿದ್ದ ಜೋಯಿಸರ ಜಾಗದಲ್ಲಿ ಅಲ್ಲಿ ಒಂದು ಸಮಿತಿ ಕುಳಿತಿತ್ತು, ಅಷ್ಟೇ. ಇಡೀ ಜಗತ್ತನ್ನೇ ಬದಲಾಯಿಸಲು ಹೊರಟವರು ಮದುವೆಯ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆಯೂ ಮುಂದಿರಲಿಲ್ಲ ಎನ್ನುವುದು ನನಗೆ ಯಾಕೋ ಸಮಾಧಾನ ಕೊಡುತ್ತದೆ. ಹೆಬಿಕ್ ಮಾತ್ರ ಈ ಗೊಡವೆಯೇ ಬೇಡವೆಂದು ಕೊನೆಯವರೆಗೂ ಬ್ರಹ್ಮಚಾರಿಯಾಗಿ ಉಳಿದರು. ಉದ್ದ ಗಡ್ಡ ಬಿಟ್ಟುಕೊಂಡು ಜಾತ್ರೆಯಿಂದ ಜಾತ್ರೆಗೆ ಸುತ್ತುವವರಿಗೆ ಅದೇ ಅನುಕೂಲವೂ ಹೌದು.

ಆ ಕಾಲದ ಮಿಶನರಿ ಕುಟುಂಬಗಳ ಫೋಟೋಗಳನ್ನು ನೋಡಿದ್ದೀರಾ? ಬಂಗಲೆಯ ಜಗಲಿ, ಮೆಟ್ಟಿಲುಗಳ ಮೇಲೆ ಸಾಲಾಗಿ ಕುಳಿತ ಸಂಸಾರ. ಯಜಮಾನರಿಗೆ ಕಪ್ಪು ಕೋಟು. ಅಮ್ಮನವರಿಗೆ ಮಣಿಕಟ್ಟಿನವರೆಗೆ ತೋಳು, ಕುತ್ತಿಗೆಯವರೆಗೆ ಗುಂಡಿ. ಮಕ್ಕಳಿಗೆ ಮೊಣಕಾಲಿನ ತನಕ ಕಾಲುಚೀಲ. ನನಗೆ ಆ ಗುಂಡಿಗಳನ್ನು ಎಣಿಸುವ ಚಟ. ಮಂಗಳೂರಿನ ಮೇ ತಿಂಗಳಿನಲ್ಲಿ ತೆಳ್ಳನೆಯ ಹತ್ತಿ ಅಂಗಿಯೇ ಬೆನ್ನಿಗೆ ಅಂಟಿ ಕೂರುತ್ತದೆ; ಇವರು ಅಷ್ಟೂ ಗುಂಡಿ ಹಾಕಿಕೊಂಡು ಕ್ಯಾಮೆರಾದ ಮುಂದೆ ಅಲುಗಾಡದೆ ಕುಳಿತಿದ್ದಾರೆ. ಯಾರ ಮುಖದಲ್ಲೂ ನಗುವಿಲ್ಲ. ಅದನ್ನು ದೈವಭಕ್ತಿಯ ಗಾಂಭೀರ್ಯವೆಂದು ಬೇಕಾದರೆ ಹೇಳಿ, ನಾನು ಸೆಕೆ ಎನ್ನುತ್ತೇನೆ. ಮಳೆಗಾಲದ ಪಾಡು ಇನ್ನೊಂದು ಬಗೆ. ಬೂಟಿನೊಳಗೆ ಬೂಷ್ಟು, ಬೈಬಲ್ಲಿನ ರಟ್ಟಿಗೆ ಬೂಷ್ಟು, ಊರಿನಿಂದ ತಂದ ಉಣ್ಣೆಯ ಕೋಟಿನ ತುಂಬ ನುಸಿ. ಮೈ ತಾಳದಾದಾಗ ನೀಲಗಿರಿಯ ಕೇತಿಯಲ್ಲಿದ್ದ ಮಿಶನ್ ಠಾಣೆಗೆ ಹತ್ತಿ ಹೋಗಿ ಸುಧಾರಿಸಿಕೊಳ್ಳುತ್ತಿದ್ದರು.

ಈ ಅಮ್ಮನವರಿಗೆ ಸಂಬಳವಿರಲಿಲ್ಲ. ಕೆಲಸ ಮಾತ್ರ ಬೇಕಾದಷ್ಟಿತ್ತು. ಇದೇ ಮಿಶನ್ನಿನ ಹರ್ಮನ್ ಗುಂಡರ್ಟ್ ಎಂದರೆ ಮಲಯಾಳಿಗಳು ಇಂದಿಗೂ ಕೈಮುಗಿಯುತ್ತಾರೆ. ಅವರ ವ್ಯಾಕರಣ, ನಿಘಂಟುಗಳ ಮಹಿಮೆ ಅಂಥದ್ದು. ಅವರ ಹೆಂಡತಿ ಜೂಲಿ ಫ್ರೆಂಚ್ ಮಾತನಾಡುವ ಸ್ವಿಸ್ ನಾಡಿನವರು, 1838ರಲ್ಲಿ ಮದುವೆಯಾದವರು. ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದವರು ಆಕೆ. ಹೆತ್ತ ಮಕ್ಕಳು, ಶಾಲೆಯ ಮಕ್ಕಳು, ಹೇಳದೆ ಕೇಳದೆ ಬರುವ ಅತಿಥಿಗಳು, ಜೊತೆಗೆ ತಾಳೆಗರಿಗಳಲ್ಲಿ ಮುಳುಗಿದ ಗಂಡ. ಪಂಡಿತರ ಹೆಂಡಂದಿರ ಕಷ್ಟ ಎಲ್ಲ ದೇಶಗಳಲ್ಲೂ ಒಂದೇ: ಊಟಕ್ಕೆ ಎಷ್ಟು ಸಲ ಕರೆಯುವುದು!

ಇಷ್ಟೆಲ್ಲ ಸಹಿಸಬಹುದು. ನನಗೆ ಅರಗದಿರುವುದು ಮಕ್ಕಳ ವಿಷಯ. ಆರೇಳು ವರ್ಷವಾಗುತ್ತಲೇ ಅವರನ್ನು ಹಡಗು ಹತ್ತಿಸಿ ಯುರೋಪಿಗೆ ಕಳುಹಿಸಬೇಕಿತ್ತು. ಅದಕ್ಕೆಂದೇ 1853ರಲ್ಲಿ ಬಾಸೆಲ್‌ನಲ್ಲಿ ಮಿಶನರಿ ಮಕ್ಕಳ ವಸತಿಗೃಹ ತೆರೆಯಿತು. ಇಲ್ಲಿನ ಜ್ವರ, ಕಾಲರಾಗಳ ಭಯ ಒಂದು ಕಾರಣ, ಓದು ಇನ್ನೊಂದು, ಇಲ್ಲಿಯವರ ನಡುವೆ ಬೆಳೆದು ಇಲ್ಲಿಯವರಂತೆಯೇ ಆಗಿಬಿಟ್ಟರೆ ಎಂಬ ಅಳುಕು ಮತ್ತೊಂದು. ಬೇರೆಯವರ ಮಕ್ಕಳನ್ನು ಅನಾಥಾಲಯದಲ್ಲೂ ಶಾಲೆಯಲ್ಲೂ ಸೇರಿಸಿಕೊಂಡು ಸಾಕುತ್ತಿದ್ದವರು ಹೆತ್ತ ಮಕ್ಕಳನ್ನು ಬೇರೆಯವರ ಕೈಗೊಪ್ಪಿಸಿದರು. ತ್ಯಾಗವೆಂದು ಅದನ್ನು ಕೊಂಡಾಡಿದವರು ಬಹಳ. ಆದರೆ ತ್ಯಾಗ ಮಾಡಿದ್ದು ಯಾರು ಎಂದು ಆರು ವರ್ಷದ ಮಗುವನ್ನು ಕೇಳಬೇಕು.

ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚಿನ ಅಂಚೆಯ ವೇಗ ನೆನೆಸಿಕೊಳ್ಳಿ. ‘ಅಮ್ಮಾ, ಮುಂದಿನ ಹಲ್ಲು ಬಿತ್ತು’ ಎಂದು ಮಗು ಬರೆಯುತ್ತದೆ. ಕಾಗದ ಮಂಗಳೂರಿನ ಬಲ್ಮಠದ ಬಂಗಲೆಗೆ ತಲುಪಿ, ಅಮ್ಮ ಕಣ್ಣೊರೆಸಿಕೊಂಡು, ‘ನಾಲಗೆಯಿಂದ ಮುಟ್ಟಬೇಡ ಕಂದಾ, ವಕ್ರವಾಗಿ ಬರುತ್ತದೆ’ ಎಂದು ಬರೆದ ಉತ್ತರ ಮರಳಿ ಹೋಗುವಷ್ಟರಲ್ಲಿ ಹೊಸ ಹಲ್ಲು ಬಂದು, ಅದರಲ್ಲಿ ರೊಟ್ಟಿ ಕಡಿದೂ ಆಗಿರುತ್ತದೆ. ತಾಯಿಯ ಬುದ್ಧಿಮಾತೆಲ್ಲ ಒಂದು ಹಲ್ಲಿನಷ್ಟು ತಡ.

ಫೋಟೋಗಳ ಅಂಚಿನಲ್ಲಿ ಕೂಸನ್ನು ಎತ್ತಿಕೊಂಡು ನಿಂತ ಆಯಾ ಒಬ್ಬಳು ಇರುತ್ತಾಳಲ್ಲ, ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಮಗುವಿಗೆ ಗಂಜಿ ಕುಡಿಸಿದವಳು, ಎಣ್ಣೆ ಹಚ್ಚಿ ಮೀಯಿಸಿದವಳು ಅವಳು. ಹಡಗು ಹೋದ ಮೇಲೆ ತಂದೆತಾಯಿಗಳಿಗಾದರೂ ಕಾಗದ ಬರುತ್ತಿತ್ತು. ಆಯಾಳಿಗೆ ಮುಂದಿನ ಕೂಸು ಬರುತ್ತಿತ್ತು.

ಗುಂಡರ್ಟ್ ದಂಪತಿಗಳ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಇನ್ನೂ ಚಿಕ್ಕವಳಿರುವಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ಇತ್ತ ಮರಳಿದರು. ಅವಳು ಮತ್ತೆ ಇವರ ಬಳಿಗೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಬರುವಾಗ ಹಡಗಿನಲ್ಲಿ ಒಬ್ಬ ಇಂಗ್ಲಿಷ್ ತರುಣನ ಮೇಲೆ ಮನಸ್ಸಾಯಿತು. ಗುಂಡರ್ಟ್ ಒಪ್ಪಲಿಲ್ಲ. ಬೆಳೆದ ಮಗಳ ಪರಿಚಯ ಇನ್ನೂ ಆಗಬೇಕಿತ್ತು, ಅಳಿಯನನ್ನು ಆರಿಸುವ ಅಧಿಕಾರ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಮುಂದೆ ಮರೀ ಒಬ್ಬ ಮಿಶನರಿಯನ್ನೇ ಮದುವೆಯಾದಳು, ಅವರು ತೀರಿಕೊಂಡ ಮೇಲೆ 1874ರಲ್ಲಿ ಇನ್ನೊಬ್ಬರನ್ನು. ಈ ಎರಡನೆಯವರು ಯೋಹಾನೆಸ್ ಹೆಸ್ಸೆ. ಕೆಲವು ವರ್ಷ ಇದೇ ಮಂಗಳೂರು ಸೀಮೆಯಲ್ಲಿ ದುಡಿದು, ಆರೋಗ್ಯ ಕೆಟ್ಟು ಊರಿಗೆ ಮರಳಿದವರು.

ಅವರ ಮಗ ಹರ್ಮನ್ ಹೆಸ್ಸೆ ಮುಂದೆ ನೊಬೆಲ್ ಬಹುಮಾನ ಪಡೆದ ಸಾಹಿತಿ. ಆದರೆ ಆರೇಳರ ವಯಸ್ಸಿನಲ್ಲಿ ಅವನು ಹಿಡಿಯಲಾಗದ ತುಂಟ. ಆಗ ಹೆಸ್ಸೆ ಸಂಸಾರ ಇದ್ದದ್ದು ಬಾಸೆಲ್ ಪಟ್ಟಣದಲ್ಲಿಯೇ. ಬೇಸತ್ತ ತಂದೆತಾಯಿ ಹುಡುಗನನ್ನು ಮಿಶನ್ನಿನ ಬಾಲಕರ ವಸತಿಗೃಹಕ್ಕೆ ಸೇರಿಸಿದರು. ಭಾನುವಾರಗಳಲ್ಲಿ ಮನೆಗೆ ಬಂದುಹೋಗಬಹುದು ಎಂದು ಏರ್ಪಾಡಾಯಿತು. ಮಕ್ಕಳನ್ನು ವಸತಿ ಶಾಲೆಗೆ ಸೇರಿಸಿ ತಿಂಗಳಿಗೊಮ್ಮೆ ಚಕ್ಕುಲಿ ಡಬ್ಬಿ ಹಿಡಿದು ಹೋಗುವ ನಾವು ಅವರನ್ನು ಆಡಿಕೊಳ್ಳುವಂತಿಲ್ಲ. ಆದರೂ ಮರೀ ಒಪ್ಪಿದ್ದು ಹೇಗೆ ಎಂದು ನಾನು ಆಗಾಗ ಕೇಳಿಕೊಳ್ಳುತ್ತೇನೆ. ಅವಳ ಅಮ್ಮನಿಗಾದರೂ ನಡುವೆ ಸಮುದ್ರವಿತ್ತು ಎಂಬ ನೆಪವಿತ್ತು.